ಹಾರ್ನ್ ಹೊಡೆದರೆ ಹಸಿರು!

ದೀಪ ಹಸಿರಾಗುವ ಮೊದಲೇ ಹಿಂದಿನಿಂದ ಪೀಂ ಪೀಂ ಶುರು ಮಾಡ್ತಾರಲ್ಲ, ಅವರನ್ನು ಬೈಯುವ ಮುಂಚೆ ಸ್ವಲ್ಪ ತಾಳಿ. ಒಂದು ಕಾಲದಲ್ಲಿ ಹಾರ್ನ್ ಹೊಡೆದರೆ ನಿಜಕ್ಕೂ ಹಸಿರು ಬರ್ತಿತ್ತು!

1928, ಅಮೆರಿಕದ ಬಾಲ್ಟಿಮೋರ್. ಆಗಿನ ಸಿಗ್ನಲ್‌ಗಳು ಗಡಿಯಾರದ ಗುಲಾಮರು. ಎದುರಿನ ರಸ್ತೆ ಖಾಲಿ ಹೊಡೀತಿದ್ರೂ ಸುಮ್ಮನೆ ಕಾಯಬೇಕು. ರೈಲ್ವೆ ಕೆಲಸದಲ್ಲಿ ಪಳಗಿದ್ದ ಚಾರ್ಲ್ಸ್ ಆಡ್ಲರ್ ಎಂಬ ಎಂಜಿನಿಯರ್ ಅಡ್ಡರಸ್ತೆಯ ಕಂಬಕ್ಕೊಂದು ಮೈಕ್ ಕಟ್ಟಿದ. ಹಾರ್ನ್ ಕೇಳಿಸಿತೋ, ಮುಖ್ಯರಸ್ತೆಗೆ ಕೆಂಪು, ಅಡ್ಡರಸ್ತೆಗೆ ಹಸಿರು. ಅಕ್ಕಪಕ್ಕದ ಮನೆಯವರ ನಿದ್ದೆ ಏನಾಗಿರಬೇಡ ಹೇಳಿ :-)

ಕೊನೆಗೆ ಗೆದ್ದಿದ್ದು ಅದೇ ಕಾಲಕ್ಕೆ ಬಂದ ಇನ್ನೊಂದು ಉಪಾಯ: ರಸ್ತೆಯಲ್ಲಿ ಹೂತಿಟ್ಟು, ಚಕ್ರದ ಭಾರಕ್ಕೆ ಒತ್ತಿಕೊಳ್ಳುವ ಲೋಹದ ಪಟ್ಟಿ. 1960ರ ದಶಕದಲ್ಲಿ ಅದರ ಜಾಗಕ್ಕೆ ವಾಹನದ ಲೋಹವನ್ನೇ ಗುರುತಿಸುವ ತಂತಿಸುರುಳಿ ಬಂತು.

ನನಗೆ ಹಿಡಿಸಿದ್ದು ಬೇರೆಯೇ. ನಡೆದು ಹೋಗುವವನ ಹತ್ತಿರ ಹಾರ್ನೂ ಇಲ್ಲ, ಲೋಹವೂ ಇಲ್ಲ. ಅವನಿಗೆಂದೇ 1929ರಲ್ಲಿ, ಗುಂಡಿ ಒತ್ತಿ ರಸ್ತೆ ದಾಟುವ ಸಿಗ್ನಲ್ ಮಾಡಿದವನೂ ಇದೇ ಆಡ್ಲರ್.

2024ರಲ್ಲಿ ಬೆಂಗಳೂರಿಗೆ ಬಂದ ಅಡಾಪ್ಟಿವ್ ಸಿಗ್ನಲ್‌ಗಳು ಕ್ಯಾಮೆರಾದಲ್ಲಿ ವಾಹನ ನೋಡಿ ಹಸಿರಿನ ಹೊತ್ತನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ತರಕಾರಿ ಚೀಲ ಹಿಡಿದು ಅಂಚಿನಲ್ಲಿ ನಿಂತ ಅಜ್ಜಿಗೂ ಅದರಲ್ಲೊಂದಿಷ್ಟು ಸೆಕೆಂಡು ಸಿಗುತ್ತಾ ಅಂತ ನಾನು ಪ್ರತಿ ಸಲ ನೋಡ್ತೀನಿ.