ಮಗ್ಗ ಹೊತ್ತು ಹೋದವರು, ಮಿಲ್ ನಂಬಿದವರು

"ಬ್ರಿಟಿಷರ ಕಾಲದಲ್ಲಿ ಗುಡಿ ಕೈಗಾರಿಕೆಗಳು ನಾಶವಾದವು." ತರಗತಿಯಲ್ಲಿ ಈ ಒಂದು ಸಾಲು ಹೇಳಿ ನಾವು ಮುಂದಕ್ಕೆ ಹೋಗ್ತೀವಿ. ಯಾರ ಕೆಲಸ ಹೋಯ್ತು, ಯಾರದು ಉಳೀತು ಅಂತ ಕೇಳುವುದಿಲ್ಲ. ಬನ್ನಿ, ನಾಗಪುರದಲ್ಲಿ ನಿಂತು ಕೇಳೋಣ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಲ್ಯಾಂಕಶೈರ್ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ತಪ್ಪಿ, ವಿದರ್ಭದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. 1867ರಲ್ಲಿ ನಾಗಪುರಕ್ಕೆ ರೈಲು ಬಂತು. ಹೋಗುವಾಗ ಹತ್ತಿ ಒಯ್ದ ರೈಲು, ಬರುವಾಗ ವಿಲಾಯಿತಿ ನೂಲು, ಬಟ್ಟೆ ತಂದಿತು.

ಇಲ್ಲಿ ಗಮನಿಸಿ, ಎಲ್ಲರೂ ಒಂದೇ ಥರ ಮುಳುಗಲಿಲ್ಲ. ಮೊದಲು ಹೋದದ್ದು ಮನೆಯಲ್ಲಿ ಕೂತು ನೂಲುತ್ತಿದ್ದ ಹೆಂಗಸರ ದುಡಿಮೆ. ನೇಕಾರರಿಗೆ ಅದೇ ಗಿರಣಿ ನೂಲು ಅಗ್ಗಕ್ಕೆ ಸಿಕ್ಕಿತು, ಎಷ್ಟೋ ಮಗ್ಗಗಳು ಉಳಿದವು. 1857ರ ನಂತರದ ದಶಕಗಳಲ್ಲಿ ಉತ್ತರ ಹಿಂದುಸ್ತಾನದ ಮುಸ್ಲಿಂ ನೇಕಾರರು ಕಾಮಠಿ, ನಾಗಪುರ, ಮಾಲೇಗಾಂವ್‌ಗಳಿಗೆ ಬಂದು ನೆಲೆಸಿದರು. 'ಜುಲಾಹಾ' ಎಂಬ ಹೀಯಾಳಿಕೆ ಬಿಟ್ಟು ತಮ್ಮನ್ನು ಮೋಮಿನ್, ಅನ್ಸಾರಿ ಎಂದು ಕರೆದುಕೊಂಡರು. ನಾಗಪುರದ ಮೋಮಿನ್‌ಪುರ ಇವತ್ತಿಗೂ ಆ ಹೆಸರಲ್ಲೇ ಇದೆ. ಅವರ ಹುನರ್ ಅವರ ಜೊತೆ ನಡೆದು ಬಂತು. ಆದರೆ ಕಾಯಿಲೆಗೆ, ಮುಪ್ಪಿಗೆ ಯಾವ ಆಸರೆಯೂ ಇರಲಿಲ್ಲ.

1877ರ ಜನವರಿ 1ರಂದು, ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಎಂದು ಘೋಷಣೆಯಾದ ದಿನವೇ, ಜಮ್ಶೆಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ ತೆರೆಯಿತು. ಸುಮಾರು 30 ಸಾವಿರ ಕದಿರು, 450 ಮಗ್ಗ. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂದವು. ಕಾನೂನು ಕೇಳುವ ಮೊದಲೇ ಕೊಟ್ಟದ್ದು, ದೊಡ್ಡ ಮಾತು. ಆದರೆ ಆ ಸೌಲಭ್ಯ ಮಿಲ್ಲಿನ ನೌಕರಿಗೆ ಅಂಟಿಕೊಂಡಿತ್ತು. ಗೇಟಿನ ಹೊರಗಿನ ಕೈಮಗ್ಗದವರಿಗೆ ಅದು ಸಿಗಲಿಲ್ಲ.

1986ರಲ್ಲಿ ಮಿಲ್ ಟಾಟಾ ಕೈಬಿಟ್ಟಿತು. ರಾಜ್ಯ ಸರ್ಕಾರದ ನಿಗಮ ಕೆಲವು ವರ್ಷ ನಡೆಸಿತು, ಕೊನೆಗೆ ಬೀಗ ಬಿತ್ತು. ಈಗ ಅಲ್ಲಿ ಮಾಲ್ ಇದೆ. ನಮ್ಮ ಕಲಬುರಗಿಯ ಎಂ.ಎಸ್.ಕೆ. ಮಿಲ್ ಕೂಡ ಇವತ್ತು ಬಡಾವಣೆಯ ಹೆಸರಾಗಿ ಉಳಿದಿದೆ ಅಷ್ಟೆ.

ಒಬ್ಬರ ಬಳಿ ಹುನರ್ ಇತ್ತು, ಆಸರೆ ಇರಲಿಲ್ಲ. ಇನ್ನೊಬ್ಬರಿಗೆ ಆಸರೆ ಇತ್ತು, ಮಿಲ್ ಇರುವ ತನಕ. ವ್ಯಾಪಾರದ ಗಾಳಿ ಯಾವತ್ತಾದರೂ ತಿರುಗುತ್ತದೆ, ಅದನ್ನು ತಡೆಯಲಾಗದು. ಆದರೆ ಪಿಂಚಣಿ, ಪರಿಹಾರ, ಹೊಸ ಕೆಲಸದ ಕಲಿಕೆ ಇವೆಲ್ಲ ಕಾರ್ಮಿಕನ ಜೊತೆಗೇ ಹೋಗುವಂತೆ ಮಾಡಬಹುದಲ್ಲವೇ? ನಮ್ಮ ಮಕ್ಕಳು ಇವತ್ತು ಬೆಂಗಳೂರಿನ ಗಾರ್ಮೆಂಟ್ಸಿಗೆ, ಗಲ್ಫಿಗೆ ಹೊರಟಿದ್ದಾರೆ. ಸಂಬಳ ಎಷ್ಟು ಅಂತ ಕೇಳ್ತೀವಿ. ಕೆಲಸ ಹೋದರೆ ಜೊತೆಗೆ ಏನು ಬರುತ್ತೆ ಅಂತಲೂ ಕೇಳಿ.