ಆ ಜೂನ್ ತಿಂಗಳ ಹಾಲ್ ಟಿಕೆಟ್

ಎಸ್ಸೆಸ್ಸೆಲ್ಸಿ ಅಂದ್ರೆ ನಮಗೆಲ್ಲ ಬೇಸಿಗೆಯ ಸೆಕೆ, ಗಣಿತದ ಭಯ, ಅಷ್ಟೇ. 2020ರ ಬ್ಯಾಚಿಗೆ ಹಾಗಾಗಲಿಲ್ಲ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಲಾಕ್‌ಡೌನಿಗೆ ಸಿಕ್ಕಿ ಜೂನ್ 25ಕ್ಕೆ ಹೋಯ್ತು. ಓದಿದ್ದನ್ನೇ ಮೂರು ತಿಂಗಳು ಓದೋದು ಎಂಥ ಹಿಂಸೆ, ಯೋಚಿಸಿ! ನಮ್ಮ ಆರ್.ಟಿ. ನಗರದ ಬಿಲ್ಡಿಂಗಿನಲ್ಲಿ ವೈಫೈ ಇದ್ದ ಮನೆ ಮಕ್ಕಳು ಝೂಮ್‌ನಲ್ಲಿದ್ದರೆ, ವಾಚ್‌ಮನ್ ಮಗಳಿಗೆ ಚಂದನ ವಾಹಿನಿಯ ಪುನರ್ಮನನ ಪಾಠವೇ ಮೇಷ್ಟ್ರು.

ಜೂನ್‌ನಲ್ಲಿ ತೆಲಂಗಾಣ, ತಮಿಳುನಾಡು ಹತ್ತನೇ ತರಗತಿ ಪರೀಕ್ಷೆಯನ್ನೇ ಕೈಬಿಟ್ಟವು. ನಮ್ಮ ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಪಟ್ಟು ಬಿಡಲಿಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು! ಬಾಗಿಲಲ್ಲೇ ಥರ್ಮಲ್ ಸ್ಕ್ಯಾನ್, ಮುಖಕ್ಕೆ ಮಾಸ್ಕು, ದೂರ ದೂರ ಡೆಸ್ಕು. ಹಾಲ್ ಟಿಕೆಟ್ ತೋರಿಸಿದ್ರೆ ಬಸ್ಸಿಗೆ ದುಡ್ಡಿಲ್ಲ. ಊರಿಗೆ ಹೋದವರು ಅಲ್ಲೇ ಹತ್ತಿರದ ಕೇಂದ್ರದಲ್ಲಿ ಬರೆಯಬಹುದಿತ್ತು. ನನ್ನ ಪ್ರಕಾರ ಇದೇ ದೊಡ್ಡ ಉಪಕಾರ. ಯಲಹಂಕ, ಹೆಬ್ಬಾಳದ ಕಡೆ ಕಟ್ಟಡ ಕೆಲಸಕ್ಕೆ ಬಂದಿದ್ದ ಎಷ್ಟೋ ಸಂಸಾರಗಳು ಅಷ್ಟರಲ್ಲಿ ಗಂಟುಮೂಟೆ ಕಟ್ಟಿದ್ದವು.

ಆರೋಗ್ಯದ ಲೆಕ್ಕದಲ್ಲಿ ಅದು ಜೂಜು. ಈಗಲೂ ಹಾಗೇ ಅನಿಸುತ್ತೆ. ಆದ್ರೆ ಪರೀಕ್ಷೆ ಬೇಡ ಅಂದಿದ್ರೆ ಅಂಕ ಎಲ್ಲಿಂದ ಬರೋದು? ಶಾಲೆಯೊಳಗಿನ ಟೆಸ್ಟುಗಳಿಂದ. ಕೊನೇ ತಿಂಗಳಲ್ಲಿ ಹಗಲುರಾತ್ರಿ ಓದಿ ಮೇಲೇಳೋ ಮಕ್ಕಳಿಗೆ (ಅಂಥವರೇ ಜಾಸ್ತಿ ಅಲ್ವಾ?) ಅಲ್ಲಿ ಜಾಗವೇ ಇರ್ತಿರಲಿಲ್ಲ. ಆ ಹುಡುಗಿಯೂ ಅಂಥವಳೇ. ಬರೆದಳು, ಪಾಸಾದಳು, ಕಾಮರ್ಸ್ ಸೇರಿದಳು.

ಮರುವರ್ಷ ಇನ್ನೊಂದು ದಾರಿ: ಜುಲೈ 19 ಮತ್ತು 22, ಎರಡೇ ದಿನ, ಓಎಂಆರ್ ಶೀಟು. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ಬೆಳಿಗ್ಗೆ. ಅವಳ ತಮ್ಮ ಬರೆದದ್ದು ಅದನ್ನ.