ಪದ ಪರಿಚಯ: ಡರ್ತ್

ಕೊರತೆ, ಅಭಾವ ಎಂಬ ಅರ್ಥದ ಇಂಗ್ಲಿಷ್ ನಾಮಪದ. 'ಡಿಯರ್' ಎಂಬ ಗುಣವಾಚಕಕ್ಕೆ 'ತ್' ಪ್ರತ್ಯಯ ಸೇರಿ ಆದದ್ದು. 'ಡಿಯರ್' ಎಂದರೆ ಪ್ರಿಯ; ತುಟ್ಟಿ ಎಂದೂ ಅರ್ಥ. ಮಳೆ ಕೈಕೊಟ್ಟು ಬೆಳೆ ಹೋದರೆ ಕಾಳುಕಡಿ ತುಟ್ಟಿಯಾಗುತ್ತದೆ. ಆ ತುಟ್ಟಿಕಾಲವನ್ನೇ ಹಳೆಯ ಇಂಗ್ಲಿಷರು 'ಡರ್ತ್' ಎಂದರು. ಮೊದಲಿಗೆ ಅನ್ನದ ಕ್ಷಾಮಕ್ಕಷ್ಟೇ ಇದ್ದ ಪದ ಮುಂದೆ ಎಲ್ಲ ಬಗೆಯ ಕೊರತೆಗೂ ಹಬ್ಬಿತು.

ನಮ್ಮ 'ಬರ'ದ ನಡೆಯೂ ಇಂಥದೇ. 1876-78ರ ಧಾತು-ಈಶ್ವರ ಸಂವತ್ಸರಗಳ ಭೀಕರ ಕ್ಷಾಮ ಮೈಸೂರು ಸೀಮೆಯಲ್ಲಿ ಬರವೆಂದೇ ಹೆಸರಾಯಿತು. 2023ರಲ್ಲಿ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು 'ಬರಪೀಡಿತ' ಎಂದು ಘೋಷಿಸಿತು. ನ್ಯಾಮತಿ, ಜಗಳೂರಿನ ರೈತರಿಗೆ ಬರವೆಂದರೆ ಮೊದಲು ಮಳೆಯದೇ. ಆದರೂ 'ದುಡ್ಡಿಗೆ ಬರ', 'ಅವರಿಗೆ ಮಾತಿಗೇನು ಬರವೇ?' ಎನ್ನುವುದೂ ದಿನನಿತ್ಯದ ಮಾತು.

ಬಳಕೆ: 'ಡರ್ತ್ ಆಫ್ ರೇನ್' ಎಂದರೆ ಮಳೆಯ ಅಭಾವ, 'ಡರ್ತ್ ಆಫ್ ಟೀಚರ್ಸ್' ಎಂದರೆ ಶಿಕ್ಷಕರ ಕೊರತೆ. ಇದರ ನಂತರ 'ಆಫ್' ಬರುವುದು ವಾಡಿಕೆ. 'ವಾಟರ್ ಶಾರ್ಟೇಜ್' ಎಂದಂತೆ 'ವಾಟರ್ ಡರ್ತ್' ಎಂದರೆ ಕಿವಿಗೆ ಒಗ್ಗದು. ಮಾತಿಗಿಂತ ಬರಹದಲ್ಲಿ, ಅದರಲ್ಲೂ ಪತ್ರಿಕೆಗಳಲ್ಲಿ ಹೆಚ್ಚು.

ಕನ್ನಡಕ್ಕೆ ತರುವಾಗ ಎಲ್ಲದಕ್ಕೂ 'ಅಭಾವ' ಬೇಡ. ಲೆಕ್ಕಕ್ಕೆ ಸಿಗುವಲ್ಲಿ 'ಕೊರತೆ', ಬದುಕನ್ನೇ ತಟ್ಟುವಲ್ಲಿ 'ಬರ' ಎಂದು ಬರೆಯಿರಿ. ಡರ್ತ್‌ಗೆ ಅತ್ಯಂತ ಹತ್ತಿರದ ಕನ್ನಡ ಪದ 'ಬರ'ವೇ.